ವೆನಿಂಗರ ಮನೆಯ ಬೇರೆ ಮರ

“ನಮ್ಮನೇಲಿ ನಿಂತಿರೋ ಕ್ರಿಸ್ಮಸ್ ಮರ ನಾನು ಕಡಿದು ತಂದದ್ದಲ್ಲ, ವಿನ್. ಯಾರೋ ಬದಲಾಯಿಸಿದಾರೆ. ಎದುರಿನ ಅಲಂಕಾರ ಎಲ್ಲ ಹಾಗೇ ಇದೆ. ಮರ ಮಾತ್ರ ಬೇರೆ.”

ಮರ್ವ್ ವೆನಿಂಗ್ ಇಷ್ಟು ಹೇಳಿ ಹ್ಯಾಟನ್ನು ಮೊಣಕಾಲ ಮೇಲಿಟ್ಟುಕೊಂಡ. ಕ್ರಿಸ್ಮಸ್‌ಗೆ ವಾರವಷ್ಟೇ ಉಳಿದಿತ್ತು, ನಮ್ಮ ಕಡೆ ಅದು ನಡುಬೇಸಿಗೆ. ವಿನಿಫ್ರೆಡ್ ಟ್ರೆಗಿಯರ್ ಮನೆಯ ಜಗಲಿಯಲ್ಲಿ ನಾನೂ ಅವಳೂ ಬಟಾಣಿ ಸುಲಿಯುತ್ತಿದ್ದೆವು. ಬೆಳಗಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು, ಕೊಲ್ಲಿಯ ಕಡೆಯಿಂದ ಗಾಳಿಯ ಸುಳಿವಿರಲಿಲ್ಲ.

ವಿನಿಫ್ರೆಡ್ ಹೋಬಾರ್ಟ್ ಬಂದರಿನಲ್ಲಿ ತಪಾಸಣೆ ಅಧಿಕಾರಿಯಾಗಿದ್ದವಳು. ಹೊರಗಿನ ಹಣ್ಣು, ಬೀಜ, ಹುಳು ಟ್ಯಾಸ್ಮೇನಿಯಾ ದ್ವೀಪದೊಳಗೆ ಕಾಲಿಡದಂತೆ ಜನರ ಪೆಟ್ಟಿಗೆಗಳನ್ನು ಬಿಚ್ಚಿಸಿ ನೋಡುವುದು ಅವಳ ಕೆಲಸವಾಗಿತ್ತು. ನಿವೃತ್ತಿಯಾಗಿ ಕಾರ್ವರ್ಸ್ ಬೇ ಎಂಬ ಈ ಕಡಲತೀರಕ್ಕೆ ಬಂದ ಮೇಲೆ ಊರಿನವರು ತಮ್ಮ ಕಗ್ಗಂಟುಗಳನ್ನು ಅವಳ ಮುಂದೆ ತಾವಾಗಿಯೇ ಬಿಚ್ಚಲು ಶುರುಮಾಡಿದರು. ನಾನು, ಬೇಸಿಲ್ ಹಾರ್ಕಿನ್, ಪಕ್ಕದ ಮನೆಯವನು, ಪತ್ರಿಕೆಯಲ್ಲಿ ಸುದ್ದಿ ತಿದ್ದುತ್ತ ಕಣ್ಣು ಸವೆಸಿದವನು. ಅವಳಿಗೆ ಕಾರು ಓಡಿಸಲು ಬರುತ್ತಿರಲಿಲ್ಲ, ನನಗೆ ಬರುತ್ತಿತ್ತು. ನಮ್ಮ ಪಾಲುದಾರಿಕೆ ಶುರುವಾದದ್ದು ಹಾಗೆ.

“ಬೇರೆ ಮರ ಅಂತ ಹೇಗೆ ಗೊತ್ತಾಯ್ತು?” ವಿನಿಫ್ರೆಡ್ ಕೇಳಿದಳು.

“ನಾನು ಆರಿಸಿದ ಮರದಲ್ಲಿ ಒಂದು ಕೊಂಬೆಯ ತುದಿ ಪೊಸಮ್ ಪ್ರಾಣಿ ಕಡಿದು ಕವಲೊಡೆದಿತ್ತು. ಆ ಭಾಗಾನ ಕಿಟಕಿ ಕಡೆಗೆ ತಿರುಗಿಸಿ ನಿಲ್ಲಿಸಿದ್ದೆ. ಹೋದ ಭಾನುವಾರ ಸಂಜೆ ನೋಡ್ತೀನಿ, ಕವಲೇ ಇಲ್ಲ. ಕಿಟಕಿ ಕಡೆ ನಾನು ತೂಗುಹಾಕಿದ್ದ ಸಾಮಾನೂ ಜಾಗ ತಪ್ಪಿದೆ. ನನ್ನವಳು ಜಾಯ್ಸ್ ಬದುಕಿದ್ದಾಗಿಂದ ಬಂದ ಪದ್ಧತಿ ಅದು, ರಸ್ತೆಯಲ್ಲಿ ಹೋಗೋರಿಗೂ ಒಂದು ಕ್ರಿಸ್ಮಸ್ ಬೇಕು ಅಂತಿದ್ಲು. ಮರದ ಆ ಹಿಂಭಾಗ ನಾನೊಬ್ನೇ ಮಾಡೋದು.”

“ಮನೆಯವರು ಏನಂತಾರೆ?”

“ಮಗ ಗ್ರಾಂಟ್ ಏನನ್ನಬಹುದು? ‘ಅಪ್ಪ, ಅದೇ ಮರ’ ಅಂದ. ಆಮೇಲೆ ಅಡುಗೆಮನೆಗೆ ಹೋಗಿ ಹೆಂಡತಿ ಡೆನಿಸ್ ಹತ್ರ ಪಿಸುಗುಟ್ಟಿದ.” ಮರ್ವ್ ಹ್ಯಾಟಿನ ಅಂಚನ್ನು ಬೆರಳಿನಿಂದ ತಿರುಗಿಸಿದ. “ಸುಳ್ಳು ಹೇಳಲ್ಲ ವಿನ್. ಚಳಿಗಾಲದಲ್ಲಿ ಒಂದ್ಸಲ ಒಲೆ ಮೇಲೆ ಪಾತ್ರೆ ಮರೆತು ಸುಟ್ಟುಹಾಕಿದೆ. ಎರಡ್ಸಲ ಡೆನಿಸ್‌ನ ಜಾಯ್ಸ್ ಅಂತ ಕರೆದೆ. ಅದಕ್ಕೇ ಅವರಿಗೆ ಭಯ. ಹಬ್ಬ ಮುಗಿದ ಸೋಮವಾರ ಹೋಬಾರ್ಟ್‌ನಲ್ಲಿ ಮರೆವಿನ ಡಾಕ್ಟರನ್ನ ಗೊತ್ತುಮಾಡಿದಾರೆ. ಅಲ್ಲಿವರೆಗೆ ಗಾಡಿ ಓಡಿಸಬೇಡ ಅಂತ ಕೀ ತೆಗೆದಿಟ್ಟಿದಾರೆ. ಇಲ್ಲಿಗೆ ನಡಕೊಂಡು ಬಂದೆ.”

ವೆನಿಂಗರ ತೋಟದಿಂದ ನಮ್ಮ ಬೀದಿಗೆ ಏರುದಾರಿ. ಅವನ ಅಂಗಿ ಬೆನ್ನಿಗೆ ಅಂಟಿತ್ತು.

“ಬುಡ ನೋಡಿದ್ಯಾ?” ವಿನಿಫ್ರೆಡ್ ಕೇಳಿದಳು. ಊರಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ ಅದು: ಮರ ಚೆನ್ನಾಗಿ ನೀರು ಕುಡಿಯಲಿ ಎಂದು ಮರ್ವ್ ಪ್ರತಿವರ್ಷ ಬುಡದ ಮೇಲೆ ಗರಗಸದಿಂದ ಅಡ್ಡಡ್ಡ ಎರಡು ಗೀರು ಕೊಯ್ಯುತ್ತಿದ್ದ, ಶಿಲುಬೆಯ ಹಾಗೆ.

ಮರ್ವ್ ಇಲ್ಲವೆಂದು ತಲೆಯಾಡಿಸಿದ. “ಮರ ನಿಂತಿರೋ ನೀರಿನ ತೊಟ್ಟಿ ತನಕ ಹೋದೆ. ಕೈ ಹಾಕೋಕೆ ಧೈರ್ಯ ಬರ್ಲಿಲ್ಲ. ಗೀರು ಅಲ್ಲೇ ಇದ್ದುಬಿಟ್ರೆ ಏನು ಗತಿ? ಅದು ಅದೇ ಮರ ಆಗಿದ್ರೆ ನೇರವಾಗಿ ನನಗೆ ಹೇಳಿಬಿಡು ವಿನ್. ಕೀ ಅವರ ಹತ್ರಾನೇ ಇರ್ಲಿ.”

ಮಧ್ಯಾಹ್ನ ನಾವು ಒಂದು ಡಬ್ಬಿ ಏಪ್ರಿಕಾಟ್ ಜಾಮ್‌ನ ನೆಪ ಮಾಡಿಕೊಂಡು ವೆನಿಂಗರ ಮನೆಗೆ ಹೋದೆವು.

ಚೆರ್ರಿ ಕೊಯ್ಲಿನ ಹೊತ್ತು ಅದು. ಮನೆಮಂದಿ ಬೆಳಗಿನಿಂದ ಕತ್ತಲಾಗುವವರೆಗೂ ಹಣ್ಣು ತುಂಬುವ ಶೆಡ್ಡಿನಲ್ಲೇ ಇರುತ್ತಿದ್ದರು. ಮುಂದಿನ ಕೋಣೆಯ ಪರದೆಗಳನ್ನು ಸೆಕೆಗಾಗಿ ಎಳೆದು ಮುಚ್ಚಿತ್ತು, ವಾರದಲ್ಲಿ ಅಲ್ಲಿಗೆ ಹೋಗುವವರೇ ಇರಲಿಲ್ಲ. ಮೂಲೆಯಲ್ಲಿ ಸತುವಿನ ತೊಟ್ಟಿಯೊಳಗೆ ಇಟ್ಟಿಗೆಗಳ ನಡುವೆ ಆಳೆತ್ತರದ ಪೈನ್ ಮರ ಹಸಿಹಸಿರಾಗಿ ನಿಂತಿತ್ತು. ಕೆಂಪು ಗಾಜಿನ ಗುಂಡುಗಳು, ಹತ್ತಿಯ ಕುರಿಗಳು, ತುದಿಯಲ್ಲಿ ತಗಡಿನ ನಕ್ಷತ್ರ. ಮರದ ಪಕ್ಕದಲ್ಲಿ ವೆನಿಂಗರ ಮುದಿ ನಾಯಿ ಟಾಫಿ ನೆಲದ ಹಲಗೆಯನ್ನು ಒಂದೇ ಸಮನೆ ನೆಕ್ಕುತ್ತಿತ್ತು.

“ಹತ್ತು ದಿನದಿಂದ ಅದಕ್ಕೆ ಇದೇ ಕೆಲಸ,” ಎಂದಳು ಡೆನಿಸ್. ಮರ್ವ್‌ನ ಸೊಸೆ, ಹೋಬಾರ್ಟ್ ಪೇಟೆಯ ಹುಡುಗಿ, ಮದುವೆಯಾಗಿ ಬಂದು ನಾಲ್ಕು ವರ್ಷವಾಗಿತ್ತು. “ಹ್ಯಾಮ್ ಚೂರು ಎಸೆದ್ರೂ ಎದ್ದು ಬರಲ್ಲ. ಈ ಮನೇಲಿ ಯಾರಿಗೆ ಏನಾಗಿದೆಯೋ ನನಗಂತೂ ಗೊತ್ತಾಗ್ತಿಲ್ಲ.”

ವಿನಿಫ್ರೆಡ್ ನಾಯಿಯ ಪಕ್ಕ ಮಂಡಿಯೂರಿ ಕುಳಿತಳು. ತೊಟ್ಟಿಯ ಒಳಗೋಡೆಯಲ್ಲಿ ನೀರಿನ ಮಟ್ಟಕ್ಕಿಂತ ಮೇಲೆ ಬಿಳಿಯ ಗೆರೆಯೊಂದು ಸುತ್ತುಹಾಕಿತ್ತು. ಅದನ್ನು ಉಗುರಿನಿಂದ ಕೆರೆದು ನಾಲಗೆಗೆ ಮುಟ್ಟಿಸಿದಳು. ಆಮೇಲೆ ತೋಳು ಮಡಚಿ, ಮೊಣಕೈವರೆಗೆ ನೀರಿಗಿಳಿಸಿ, ಬುಡವನ್ನು ತಡಕಿದಳು. ಮುಖದಲ್ಲಿ ಏನೂ ತೋರಿಸಲಿಲ್ಲ.

“ನಾನು ಪ್ಲಾಸ್ಟಿಕ್ ಮರ ತರೋಣ ಅಂದಿದ್ದೆ,” ಡೆನಿಸ್ ಮುಂದುವರಿಸಿದಳು. “ಪೈನ್ ಮುಟ್ಟಿದ್ರೆ ನನಗೆ ಕೈತುಂಬ ದದ್ದು ಏಳುತ್ತೆ. ಅದಕ್ಕೆ ಅಲಂಕಾರ ಮಾಡೋ ದಿನ ನಾನು ಬರೀ ಫೋಟೋ ತೆಗೀತೀನಿ. ಐಲ್ಸಾ ಅತ್ತೆ ಅದಕ್ಕೂ ಬಿಡಲ್ಲ, ‘ಹೋಬಾರ್ಟಿನವರು ಹಬ್ಬಾನ ದೂರದಿಂದ ನೋಡ್ತಾರೆ’ ಅಂತಾರೆ.”

ಫೋಟೋ ಅಡುಗೆಮನೆಯ ಫ್ರಿಜ್ಜಿನ ಮೇಲಿತ್ತು, ತೆಗೆದ ತಕ್ಷಣ ಕ್ಯಾಮೆರಾದಿಂದಲೇ ಹೊರಬೀಳುವಂಥದ್ದು. ವಿನಿಫ್ರೆಡ್ ಅದನ್ನು ತೆಗೆದು ಮರದ ಮುಂದೆ ಹಿಡಿದಳು. ಪ್ರತಿ ಗುಂಡೂ ಪ್ರತಿ ಕುರಿಯೂ ಫೋಟೋದಲ್ಲಿದ್ದ ಜಾಗದಲ್ಲೇ ಇತ್ತು. ಫೋಟೋದ ಒಂದು ಅಂಚಿನಲ್ಲಿ ಹೆಬ್ಬೆರಳಿನಷ್ಟು ಅಗಲದ ಅಂಟು. ಮೂಸಿ ನೋಡಿದಾಗ ಪೈನ್ ವಾಸನೆ ನನಗೂ ಬಂತು. ಡೆನಿಸ್ ನೀರು ಕೊಡಲೆಂದು ನಲ್ಲಿ ತಿರುಗಿಸಿ, ಮೊದಲ ಲೋಟವನ್ನು ತೊಳೆದು ಚೆಲ್ಲಿ, ಎರಡನೆಯದನ್ನು ತುಂಬಿದಳು.

“ಸುರಿ, ಸುರಿ,” ಎಂಬ ದನಿ ಹಿತ್ತಲ ಬಾಗಿಲಿಂದ ಬಂತು. ಮರ್ವ್‌ನ ತಂಗಿ ಐಲ್ಸಾ ಸೊಪ್ಪಿನ ಬುಟ್ಟಿ ಹಿಡಿದು ನಿಂತಿದ್ದಳು. ಮದುವೆಯಾಗದೆ ಇದೇ ಮನೆಯಲ್ಲಿ ಉಳಿದವಳು, ಅರವತ್ತು ದಾಟಿದ್ದರೂ ಸೌದೆ ಸೀಳಲು ಯಾರನ್ನೂ ಕರೆಯದವಳು. “ಹೋಬಾರ್ಟಿನವರಿಗೆ ನೀರು ಗೋಡೆಯಿಂದ ಬರುತ್ತೆ. ನಮಗೆ ಆಕಾಶದಿಂದ ಬರಬೇಕು.”

“ಮಳೆನೀರಿನ ಟ್ಯಾಂಕ್ ತುಂಬಿದೆ ಅತ್ತೆ.”

“ಫೆಬ್ರವರಿಯಲ್ಲಿ ಹೇಳು ಆ ಮಾತು.”

ಅವಳ ಹಿಂದೆ ನಾವು ಕೈತೋಟಕ್ಕೆ ಹೋದೆವು. ಬಚ್ಚಲಿನಲ್ಲಿ ಬಿಸಿನೀರು ಬರುವ ಮುನ್ನ ಬೀಳುವ ತಣ್ಣೀರನ್ನು ಹಿಡಿದಿಟ್ಟ ಕೆಂಪು ಬಕೆಟ್ ಹಿಂದಿನ ಮೆಟ್ಟಿಲ ಮೇಲಿತ್ತು. ಐಲ್ಸಾ ಹೋಗುತ್ತಲೇ ಅದನ್ನೆತ್ತಿ ಲೆಟ್ಯೂಸ್ ಸಾಲಿಗೆ ಹೊಯ್ದಳು. ಸ್ಟ್ರಾಬೆರಿ ಗಿಡಗಳ ಬುಡಕ್ಕೆ ಹೊಸದಾಗಿ ಪೈನ್ ಎಲೆ ಹರಡಿತ್ತು. ಹುರುಳಿಕಾಯಿ ಬಳ್ಳಿಗಳಿಗೆ ಊರಿದ್ದ ಗಳುಗಳು ಹಳೆಯವು, ಬೂದುಬಣ್ಣಕ್ಕೆ ತಿರುಗಿದ್ದವು. ಕೊನೆಯದೊಂದು ಮಾತ್ರ ತೊಗಟೆ ಸಮೇತ ಕಂದಾಗಿತ್ತು, ಗಂಟುಗಳಲ್ಲಿ ಅಂಟು ಹನಿಗಟ್ಟಿತ್ತು. ವಿನಿಫ್ರೆಡ್ ಅದನ್ನು ಅಂಗೈಯಿಂದ ಮೆಲ್ಲಗೆ ತಳ್ಳಿ ನೋಡಿದಳು.

“ಮರ ಬದಲಾಗಿದೆ ಅಂತಾನಲ್ಲ ನಿಮ್ಮಣ್ಣ?” ಎಂದು ಕೇಳಿದಳು.

ಐಲ್ಸಾ ಬಾಗಿ ಒಂದು ಕಳೆ ಕಿತ್ತಳು. “ಸೆಕೆಯ ಕೋಣೇಲಿ ಮರ ನಿಂತ್ರೆ ಕೊಂಬೆ ಜೋತುಬೀಳುತ್ತೆ. ರೂಪ ಬದಲಾಗುತ್ತೆ.”

“ಡಾಕ್ಟರ ಹತ್ರ ಕರಕೊಂಡು ಹೋಗ್ತಾರಂತೆ.”

“ಅದು ಗ್ರಾಂಟ್‌ನ ಆತುರ,” ಎಂದು ಅವಳು ಬುಟ್ಟಿಯನ್ನು ಸೊಂಟಕ್ಕೇರಿಸಿ ಒಳಗೆ ಹೋದಳು.

ಗ್ರಾಂಟ್ ಶೆಡ್ಡಿನಲ್ಲಿ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುತ್ತಿದ್ದ. ಅಪ್ಪನ ಮಾತೆತ್ತಿದರೆ ಅವನ ಸುತ್ತಿಗೆ ಜೋರಾಗುತ್ತಿತ್ತು. ವಿನಿಫ್ರೆಡ್ ಅದನ್ನು ಬಿಟ್ಟು ಊಟದ, ಕೊಲ್ಲಿಯ ದೊಡ್ಡ ಸಿಗಡಿಯ ಮಾತೆತ್ತಿದಳು.

“ಈ ಸಲ ಕ್ರೇಫಿಶ್ ತಿಂದ್ರಾ?”

“ತಿಂದ್ವಿ, ಬಾಯಿಗೆ ಹತ್ತಲಿಲ್ಲ. ಸಮುದ್ರದ ನೀರಲ್ಲೇ ಬೇಯಿಸ್ಬೇಕು ಅದನ್ನ. ಕೊಲ್ಲಿಯಿಂದ ಒಂದು ಬಕೆಟ್ ತಂದು ಹಿಂದಿನ ಮೆಟ್ಟಿಲ ಮೇಲೆ ಇಟ್ಟಿದ್ದೆ. ಸ್ನಾನ ಮಾಡಿ ಬರೋಷ್ಟರಲ್ಲಿ ಬಕೆಟ್ ಖಾಲಿ. ಟಾಫಿ ಉರುಳಿಸಿರ್ಬೇಕು. ನಲ್ಲಿ ನೀರಿಗೆ ಉಪ್ಪು ಹಾಕಿ ಬೇಯಿಸಿದ್ವಿ. ಅಪ್ಪ ಇವತ್ತಿಗೂ ಹಂಗಿಸ್ತಾನೆ, ಸಾಬೂನು ತಿಂದಂಗಿತ್ತು ಅಂತ.”

“ಅದನ್ನ ಮರೆತಿಲ್ಲ ಅವನು.”

ಗ್ರಾಂಟ್ ಸುತ್ತಿಗೆ ನಿಲ್ಲಿಸಿದ. “ಅದನ್ನ ಮರೆತಿದ್ರೆ ನನಗೆ ಒಳ್ಳೇದಿತ್ತು.”

“ಯಾವ ಬಕೆಟ್ ಅದು?”

“ಸ್ನಾನದ ಮನೆಯದು, ಕೆಂಪನೇದು. ನನ್ನದು ತೂತಾಗಿತ್ತು. ಯಾಕೆ?”

“ನಂಗೂ ಒಂದು ಬಕೆಟ್ ಕೊಳ್ಳೋದಿತ್ತು,” ಎಂದು ಹೇಳಿ ಅವಳು ಹೊರಟಳು.

ಗೇಟಿನ ಬಳಿ ಮರ್ವ್ ಕಾದಿದ್ದ. ವಿನಿಫ್ರೆಡ್ ಅವನ ತೋಳು ಹಿಡಿದು ತಗ್ಗಿದ ದನಿಯಲ್ಲಿ ಹೇಳಿದಳು: “ಬುಡ ನುಣ್ಣಗಿದೆ. ಗೀರು ಇಲ್ಲ. ನಿನ್ನ ಕಣ್ಣು ಸರಿಯಾಗಿದೆ, ತಲೆಯೂ ಸರಿಯಾಗಿದೆ. ಇವತ್ತು ನಿದ್ದೆ ಮಾಡು.”

ಅವನು ಗೇಟನ್ನು ಗಟ್ಟಿಯಾಗಿ ಹಿಡಿದುಕೊಂಡ. “ಹಾಗಾದ್ರೆ ಈಗಲೇ ಅವರಿಗೆ ತೋರಿಸೋಣ.”

“ಏನಂತ? ಈ ವರ್ಷ ಗೀರು ಕೊಯ್ಯೋದನ್ನೂ ಮರೆತೆ ಅಂತಾರೆ. ಎರಡನೇ ಮರ ಬೇಕು ನನಗೆ. ಭಾನುವಾರದವರೆಗೆ ಬಾಯಿ ಮುಚ್ಚಿಕೊಂಡಿರು.”

ದಾರಿಯಲ್ಲಿ ನಾನು ನನ್ನ ತೀರ್ಪು ಹೇಳಿದೆ: ಇದು ಡೆನಿಸ್‌ಳ ಕೆಲಸ. ಪ್ಲಾಸ್ಟಿಕ್ ಮರ ಬೇಕಿದ್ದವಳು, ಫೋಟೋ ತೆಗೆದವಳು, ಹಂಗಿಸಿಕೊಳ್ಳುತ್ತಿದ್ದವಳು.

“ಪ್ಲಾಸ್ಟಿಕ್ ಮರ ಬೇಕಿದ್ದವಳು ಇನ್ನೊಂದು ಪೈನ್ ತಂದು ನಿಲ್ಲಿಸಿದ್ಲಾ?” ವಿನಿಫ್ರೆಡ್ ನಕ್ಕಳು. “ನಿಮ್ಮ ಪತ್ರಿಕೆಯವರಿಗೆ ಶೀರ್ಷಿಕೆ ಮೊದಲು ಸಿಗುತ್ತೆ ಬೇಸಿಲ್, ಸುದ್ದಿ ಆಮೇಲೆ. ಮರ ಯಾಕೆ ಬದಲಾಯ್ತು ಅಂತ ಕೇಳು. ಯಾರು ಅನ್ನೋದು ತಾನಾಗೇ ಬರುತ್ತೆ.”

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ವೆನಿಂಗರ ಜಗಲಿಯಲ್ಲಿ ಎಲ್ಲರೂ ಸೇರಿದೆವು. ಮೇಜಿನ ಮೇಲೆ ಬೋಗುಣಿ ತುಂಬ ಚೆರ್ರಿ. ಮರ್ವ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತೀರ್ಪು ಕೇಳಲು ಬಂದವನಂತೆ ಕುಳಿತಿದ್ದ. ಗ್ರಾಂಟ್ ಕಾಲು ಕುಣಿಸುತ್ತಿದ್ದ.

“ನಿಮ್ಮ ಮರ ಬದಲಾಗಿದೆ,” ಎಂದು ವಿನಿಫ್ರೆಡ್ ನೇರವಾಗಿ ಶುರುಮಾಡಿದಳು. “ಮೊದಲು ಯಾಕೆ ಅಂತ ನೋಡೋಣ. ತೊಟ್ಟಿಯ ಒಳಗೆ ಬಿಳಿ ಗೆರೆ ಕಟ್ಟಿದೆ. ರುಚಿ ನೋಡಿದೆ, ಉಪ್ಪು. ಟಾಫಿ ಹ್ಯಾಮ್ ಬಿಟ್ಟು ಹಲಗೆ ನೆಕ್ಕೋದೂ ಅದಕ್ಕೇ, ಹೊಯ್ಯುವಾಗ ನೀರು ಅಲ್ಲಿ ತುಳುಕಿತ್ತು. ಮಳೆನೀರಿಗೆ ಉಪ್ಪಿರಲ್ಲ. ಅಂದ್ರೆ ಆ ಮರ ಸಮುದ್ರದ ನೀರು ಕುಡೀತು. ಬೇರೆಲ್ಲಿಂದ ಬರ್ಬೇಕು? ಗ್ರಾಂಟ್‌ನ ಕ್ರೇಫಿಶ್ ಬಕೆಟ್‌ನಿಂದ.”

“ಅದನ್ನ ಟಾಫಿ ಉರುಳಿಸ್ಲಿಲ್ವಾ?” ಗ್ರಾಂಟ್ ಕೇಳಿದ.

“ಖಾಲಿ ಬಕೆಟ್ ಬಿದ್ದಿತ್ತಾ, ನಿಂತಿತ್ತಾ?”

ಗ್ರಾಂಟ್ ಯೋಚಿಸಿದ. “ನಿಂತಿತ್ತು.”

“ಉರುಳಿಸಿ ಮತ್ತೆ ಎತ್ತಿಡೋ ನಾಯಿ ನಮ್ಮೂರಲ್ಲಿಲ್ಲ. ಯಾರೋ ಎತ್ತಿ ಹೊಯ್ದು ವಾಪಸ್ ಇಟ್ರು. ಕೆಟ್ಟ ಮನಸ್ಸಿನಿಂದ ಅಲ್ಲ. ಸ್ನಾನದ ಬಕೆಟ್, ತಿಳಿನೀರು, ಹಿಂದಿನ ಮೆಟ್ಟಿಲು. ಟ್ಯಾಂಕಿನ ನೀರು ನಂಬಿ ಬೆಳೆದವರಿಗೆ ಅದು ಗಿಡಕ್ಕೆ ಹೋಗೋ ನೀರು, ಯೋಚನೆಯೇ ಬೇಡ. ಪೇಟೆಯಲ್ಲಿ ಬೆಳೆದ ಡೆನಿಸ್ ನಲ್ಲಿ ತಿರುಗಿಸ್ತಾಳೆ, ಬಕೆಟ್ ಕಡೆ ನೋಡೋದೇ ಇಲ್ಲ. ಗ್ರಾಂಟ್‌ಗೆ ಅದರಲ್ಲೇನಿದೆ ಅಂತ ಗೊತ್ತಿತ್ತು. ಮರ್ವ್ ಹೊಯ್ದಿದ್ರೆ ಮರ ಬದಲಾಯ್ತು ಅಂತ ನನ್ನ ಹತ್ರ ಬರ್ತಿರಲಿಲ್ಲ.”

ಯಾರೂ ಐಲ್ಸಾಳ ಕಡೆ ನೋಡಲಿಲ್ಲ. ಅವಳು ಚೆರ್ರಿಯ ಬೀಜಗಳನ್ನು ತಟ್ಟೆಯ ಅಂಚಿನಲ್ಲಿ ಸಾಲಾಗಿ ಜೋಡಿಸುತ್ತಿದ್ದಳು.

“ವಾರದೊಳಗೆ ಮರ ಕಂದಾಗಿ ಎಲೆ ಉದುರಿಸ್ತು. ಪರದೆ ಎಳೆದ ಕೋಣೆ, ಮನೆಮಂದಿ ಶೆಡ್ಡಿನಲ್ಲಿ, ಕಂಡದ್ದು ನೀರು ಹಾಕೋ ಒಬ್ಬರಿಗೆ ಮಾತ್ರ. ಗ್ರಾಂಟ್ ಬಕೆಟ್ ಬಗ್ಗೆ ಗೊಣಗಿದಾಗ ಕಾರಣವೂ ಅವರಿಗೆ ಹೊಳೀತು. ಕಳೆದ ವಾರ ಶನಿವಾರ ನೀವೆಲ್ಲ ಊರಿನ ಕ್ರಿಸ್ಮಸ್ ಹಾಡಿನ ಸಂಜೆಗೆ ಹೋದಾಗ ತೋಟದಂಚಿನ ಗಾಳಿತಡೆ ಮರಗಳ ಸಾಲಿನಿಂದ ಅಷ್ಟೇ ಎತ್ತರದ ಪೈನ್ ಕಡಿದು, ಗೋಣಿತಟ್ಟಿನ ಮೇಲೋ ಏನೋ ಎಳಕೊಂಡು ಬಂದ್ರು. ತೊಟ್ಟಿ ತುಂಬ ಹೊಸ ನೀರು. ಅಲಂಕಾರ ಫೋಟೋ ನೋಡಿ ಮಾಡಿದ್ದು. ಅದಕ್ಕೇ ಫೋಟೋಗೆ ಪೈನ್ ಅಂಟು ಮೆತ್ತಿದೆ, ತೆಗೆದವಳು ಪೈನ್ ಮುಟ್ಟೋಳೇ ಅಲ್ಲ. ಅದಕ್ಕೇ ಮುಂಭಾಗ ಒಂದು ಕೂದಲೆಳೆ ತಪ್ಪಿಲ್ಲ. ಹಿಂಭಾಗ ಫೋಟೋದಲ್ಲಿಲ್ಲ. ಅದು ಮರ್ವ್‌ನ ತಲೆಯೊಳಗೆ ಮಾತ್ರ ಇತ್ತು.”

“ಇದೆಲ್ಲ ಊಹೆ ವಿನ್,” ಗ್ರಾಂಟ್ ಹೇಳಿದ, ಆದರೆ ಅವನ ದನಿ ಮೆತ್ತಗಾಗಿತ್ತು. “ಅಪ್ಪನ ಮರ ಎಲ್ಲಿ ಹಾಗಾದ್ರೆ? ಸುಟ್ಟಿರೋಕಾಗಲ್ಲ, ಕಾಡ್ಗಿಚ್ಚಿನ ಭಯಕ್ಕೆ ಬಯಲಲ್ಲಿ ಬೆಂಕಿ ಹಾಕೋಕೆ ಈ ತಿಂಗಳು ನಿಷೇಧ ಇದೆ.”

“ಈ ಮನೇಲಿ ಏನನ್ನೂ ಎಸೆಯದವರು ಒಬ್ಬರಿದ್ದಾರೆ. ಎಲೆ ಸ್ಟ್ರಾಬೆರಿ ಬುಡಕ್ಕೆ ಹೋಯ್ತು. ಕಾಂಡ ಹುರುಳಿಕಾಯಿ ಸಾಲಿನ ಕೊನೇಲಿ ನಿಂತಿದೆ. ಮರ್ವ್, ಹೋಗಿ ಆ ಹೊಸ ಗಳು ಕೀಳು. ಬುಡದಲ್ಲಿ ನಿನ್ನ ಗರಗಸದ ಗುರುತು ಸಿಗುತ್ತೆ.”

ಮರ್ವ್ ಎದ್ದ. ಮೆಟ್ಟಿಲಿಳಿದು ಎರಡು ಹೆಜ್ಜೆ ಹಾಕಿದ್ದ.

“ಕೀಳಬೇಡ ಮರ್ವ್,” ಎಂದಳು ಐಲ್ಸಾ. “ಬಳ್ಳಿ ಈಗ ತಾನೇ ಹಬ್ಬಿದೆ.”

ಮೊದಲು ನಕ್ಕವಳು ಡೆನಿಸ್. ಬಾಯಿ ಮುಚ್ಚಿಕೊಂಡು ತಡೆಯಲು ನೋಡಿದಳು, ಆಗಲಿಲ್ಲ. ಐಲ್ಸಾಳ ಕೆನ್ನೆ ಕೆಂಪಾಯಿತು.

“ನಗು, ನಗು. ಐವತ್ತು ವರ್ಷ ಈ ಮನೇಲಿ ಪ್ರತಿಯೊಬ್ಬರಿಗೂ ನೀರಿನ ಪಾಠ ಹೇಳಿದವಳು ನಾನು. ನಾನೇ ಒಂದು ಬಕೆಟ್ ತಪ್ಪು ನೀರು ಹೊಯ್ದೆ ಅಂತ ಹೇಗೆ ಹೇಳ್ಲಿ? ಅದೂ ನಿನ್ನ ಎದುರಿಗೆ?” ಅವಳು ಮರ್ವ್‌ನತ್ತ ತಿರುಗಿದಳು. “ನಿನಗೆ ಗೊತ್ತಾಗಲ್ಲ ಅಂದ್ಕೊಂಡೆ. ಗೊತ್ತಾದಾಗ ಇವರು ನಿನಗೆ ಮರೆವು ಅಂದ್ರು. ಪ್ರತಿದಿನ ಬೆಳಗ್ಗೆ ಇವತ್ತು ಹೇಳ್ತೀನಿ ಅಂದ್ಕೊಂಡು ಎದ್ದೆ. ಪ್ರತಿದಿನ ನಿನ್ನ ಮುಖ ನೋಡಿ ನಾಲಗೆ ಕಟ್ಟಿತು. ಡಾಕ್ಟರ ಹತ್ರ ಹೋಗೋಕೆ ಬಿಡ್ತಿರಲಿಲ್ಲ, ಇಷ್ಟನ್ನ ನಂಬು.”

“ನೀನು ಅದೇ ಮರ ಅಂತ ಮಾತ್ರ ಒಮ್ಮೆಯೂ ಅನ್ನಲಿಲ್ಲ,” ಎಂದಳು ವಿನಿಫ್ರೆಡ್. “ಗ್ರಾಂಟ್ ಅಂದ. ನೀನು ಕೊಂಬೆ ಜೋತುಬೀಳುತ್ತೆ ಅಂದೆ. ಸುಳ್ಳು ಹೇಳೋಕೆ ಬಾರದವರು ಹವೆಯ ಮಾತಾಡ್ತಾರೆ. ನನಗೆ ಅಲ್ಲೇ ಗೊತ್ತಾಯ್ತು.”

ಮರ್ವ್ ಇನ್ನೂ ಅಂಗಳದಲ್ಲೇ ನಿಂತಿದ್ದ. ನಮಗೆ ಬೆನ್ನು ಮಾತ್ರ ಕಾಣುತ್ತಿತ್ತು, ಭುಜಗಳು ಅಲುಗುತ್ತಿದ್ದವು. ಅಳುತ್ತಿದ್ದಾನೆಂದು ಗ್ರಾಂಟ್ ಓಡಿಹೋದ. ಮರ್ವ್ ನಗುತ್ತಿದ್ದ, ಕಣ್ಣಲ್ಲಿ ನೀರು ಬರುವಷ್ಟು.

“ಐಲ್ಸಾ,” ಎಂದ ಅವನು ಉಸಿರು ಸಿಕ್ಕಿದ ಮೇಲೆ, “ನಾನು ಹಲ್ಲುಜ್ಜುವಾಗ ನಲ್ಲಿ ಬಿಟ್ಟೆ ಅಂತ ನೀನು ಬೈದದ್ದು ನಂಗೆ ಹದಿನೇಳು ವರ್ಷ ಆಗಿದ್ದಾಗ. ಇನ್ನು ಮೇಲೆ ಆ ಮಾತು ಎತ್ತಬೇಡ.”

“ಅದು ಬೇರೆ ವಿಷಯ.”

“ನಡಿ ಒಳಗೆ. ಹಿಂಭಾಗ ಸರಿಮಾಡೋದಿದೆ. ದಂಡ ಅಂದ್ಕೋ.”

ಪರದೆಗಳನ್ನು ಸರಿಸಿ, ಮರವನ್ನು ಕಿಟಕಿಯಿಂದ ಒಂದಡಿ ಈಚೆಗೆ ಎಳೆದೆವು. ಐಲ್ಸಾ ಹಿಂಭಾಗದ ಸಾಮಾನನ್ನೆಲ್ಲ ಬಿಚ್ಚಿ ಎಪ್ರನ್ನಿನೊಳಗೆ ತುಂಬಿಕೊಂಡಳು. ಮರ್ವ್ ಕುರ್ಚಿಯನ್ನು ಮರಕ್ಕೆ ಬೆನ್ನು ಮಾಡಿ ಹಾಕಿಸಿಕೊಂಡು ಕುಳಿತ.

“ನೀಲಿ ಹಕ್ಕಿ, ಕೆಳಗಿನಿಂದ ಎರಡನೇ ಸುತ್ತು, ಎಡಕ್ಕೆ. ಕೊಕ್ಕು ರಸ್ತೆ ಕಡೆ. ಅದರ ಮೇಲೆ ಗ್ರಾಂಟ್ ಶಾಲೇಲಿ ಮಾಡಿದ ಕಾಗದದ ದೇವದೂತ, ಒಂದು ರೆಕ್ಕೆ ಇಲ್ದಿದ್ದು. ಬಲಕ್ಕೆ ಗಂಟೆ. ಸಣ್ಣದಲ್ಲ, ದೊಡ್ಡದು. ಸಣ್ಣ ಗಂಟೆ ಜಾಯ್ಸ್ ಯಾವಾಗಲೂ ಮೇಲೆ ಕಟ್ತಿದ್ಲು, ಗಾಳಿಗೆ ಆಡಲಿ ಅಂತ.”

ಅವನು ತಿರುಗಿ ನೋಡದೆ ಹೇಳುತ್ತಾ ಹೋದ. ಐಲ್ಸಾ ಕಟ್ಟುತ್ತಾ ಹೋದಳು, ಒಂದೆರಡು ಸಲ “ಹೌದಲ್ಲ” ಎಂದು ತನಗೇ ಹೇಳಿಕೊಂಡಳು. ಎಪ್ರನ್ ಖಾಲಿಯಾಯಿತು. ಒಂದೂ ಮಿಕ್ಕಲಿಲ್ಲ, ಒಂದೂ ಕಮ್ಮಿ ಬೀಳಲಿಲ್ಲ. ಡೆನಿಸ್ ಕ್ಯಾಮೆರಾ ಹಿಡಿದು ಹೊರಗೆ ಹೋಗಿ ರಸ್ತೆಯ ಕಡೆಯಿಂದ ಫೋಟೋ ತೆಗೆದಳು.

ಗ್ರಾಂಟ್ ಬಾಗಿಲ ಚೌಕಟ್ಟಿಗೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಕೊನೆಗೆ ಜೇಬಿನಿಂದ ಗಾಡಿಯ ಕೀ ತೆಗೆದು ಅಪ್ಪನ ಅಂಗೈಯಲ್ಲಿಟ್ಟ.

“ನಾಳೆ ಬೆಳಗ್ಗೆ ಡಾಕ್ಟರಿಗೆ ಫೋನ್ ಮಾಡಿ ಬೇಡ ಅಂತೀನಿ ಅಪ್ಪ.”

“ಬೇಡ ಅನ್ನಬೇಡ,” ಎಂದ ಮರ್ವ್. “ಹೆಸರು ಬದಲಾಯಿಸು, ಸಾಕು. ಇಡೀ ವಾರ ಮನೇಲಿ ಬೇರೆ ಮರ ನಿಂತಿದ್ರೂ ಗೊತ್ತಾಗದವನು ಒಬ್ಬನಿದಾನೆ, ಅವನನ್ನ ನೋಡಿ ಅನ್ನು. ಹೋಬಾರ್ಟ್‌ಗೆ ನಾನೇ ಕರಕೊಂಡು ಹೋಗ್ತೀನಿ.”